ಉತ್ತರ ಹೇಳದ ಕಂಪ್ಯೂಟರ್ ಪಾಠ ಕಲಿಸುತ್ತದೆಯೇ?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮಕ್ಕಳಿಗೆ ಪಾಠ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂಗಳು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಟೀಚರ್, ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಲೆಕ್ಕದಲ್ಲಿ ಸ್ವಲ್ಪ ಹಿಂದೆ. ದುಡ್ಡು ಕೊಟ್ಟು ಮೊಬೈಲಿಗೆ ಒಂದು ಕಲಿಕೆಯ ಆ್ಯಪ್ ಹಾಕಿಸಿದೆವು. ಅದು ಉತ್ತರ ಹೇಳುವುದೇ ಇಲ್ಲ. 52ರಿಂದ 37 ಕಳೆದರೆ ಇವಳು 25 ಎಂದು ಬರೆಯುತ್ತಾಳೆ. ‘ತಪ್ಪು, ಇನ್ನೊಮ್ಮೆ ಯೋಚಿಸು’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಮತ್ತೆ 25 ಬರೆಯುತ್ತಾಳೆ. ಕೊನೆಗೆ ಅಳುಮುಖ ಮಾಡಿ ಎದ್ದು ಹೋಗುತ್ತಾಳೆ. ಆ್ಯಪಿನವರನ್ನು ಕೇಳಿದರೆ, ಮಕ್ಕಳು ತಾವೇ ಕಂಡುಹಿಡಿಯಬೇಕು, ಇದು ಹೊಸ ಪದ್ಧತಿ ಎನ್ನುತ್ತಾರೆ. ಇದೂ ಒಂದು ಪಾಠವಾ?
– ಒಬ್ಬ ತಾಯಿ, ಪೆರ್ಲ

ಉತ್ತರ: ಅಮ್ಮಾ, ಮೊದಲು ಆ 25ನ್ನೇ ನೋಡೋಣ. ಅದು ಸುಮ್ನೆ ಬಂದ ಉತ್ತರ ಅಲ್ಲ.

52ರಿಂದ 37 ಕಳೆಯುವಾಗ 25 ಬರಲು ಎರಡು ದಾರಿ ಉಂಟು. ಒಂದು, 2ರಿಂದ 7 ಹೋಗುವುದಿಲ್ಲ ಎಂದು ಕಂಡಾಗ ಮಗು ತಿರುಗಿಸಿ 7ರಿಂದ 2 ಕಳೆಯುತ್ತದೆ. 5 ಬಂತು. ಆಮೇಲೆ 5ರಿಂದ 3 ಕಳೆದು 2. ಇನ್ನೊಂದು, ಮಗು ಪಕ್ಕದಿಂದ ಹತ್ತು ತೆಗೆದುಕೊಳ್ಳುತ್ತದೆ, 12ರಿಂದ 7 ಕಳೆದು 5 ಬರೆಯುತ್ತದೆ. ಆದರೆ ಪಕ್ಕದ 5ನ್ನು 4 ಮಾಡಲು ಮರೆಯುತ್ತದೆ. ಅಲ್ಲೂ 25. ಉತ್ತರ ಒಂದೇ, ತಪ್ಪು ಬೇರೆ. ನಿಮ್ಮ ಮಗಳದ್ದು ಯಾವುದು ಎಂದು ತಿಳಿಯಬೇಕಾದರೆ 61ರಿಂದ 38 ಕಳೆಯಲು ಹೇಳಿ. 37 ಬರೆದರೆ ಅವಳು ಸಣ್ಣದನ್ನು ದೊಡ್ಡದರಿಂದ ಕಳೆಯುತ್ತಿದ್ದಾಳೆ. 33 ಬರೆದರೆ ಹತ್ತು ತೆಗೆದುಕೊಂಡದ್ದನ್ನು ಮರೆಯುತ್ತಿದ್ದಾಳೆ. ಎರಡಕ್ಕೂ ಹೇಳಿಕೊಡಬೇಕಾದ ಪಾಠ ಬೇರೆ ಬೇರೆ.

ಇದನ್ನು ಕಂಪ್ಯೂಟರಿಗೆ ಕಲಿಸಿದವರು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್. 1978ರಲ್ಲಿ ಅವರು ಬಗ್ಗಿ ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ಅದು ಒಂದು ತಪ್ಪು ನಿಯಮವನ್ನು ಹಿಡಿದುಕೊಂಡು ಮಗುವಿನ ಹಾಗೆ ಲೆಕ್ಕ ಮಾಡುತ್ತದೆ. ಟೀಚರ್ ಆಗಲು ತರಬೇತಿ ಪಡೆಯುವವರು ಲೆಕ್ಕಗಳನ್ನು ಕೊಟ್ಟು ಕೊಟ್ಟು ಆ ನಿಯಮ ಯಾವುದೆಂದು ಹುಡುಕಬೇಕು. ಮಕ್ಕಳ ತಪ್ಪುಗಳಲ್ಲಿ ಎಷ್ಟೋ ತಪ್ಪು ಅಜಾಗ್ರತೆಯಿಂದ ಆಗುವುದಲ್ಲ, ಒಂದು ತಪ್ಪು ನಿಯಮವನ್ನು ಚೊಕ್ಕವಾಗಿ ಪಾಲಿಸುವುದರಿಂದ ಆಗುವುದು ಎಂದು ಅವರು ತೋರಿಸಿಕೊಟ್ಟರು. ನಾನು ತರಗತಿಯಲ್ಲಿ ಕಂಡದ್ದೂ ಇದನ್ನೇ. ಮಗುವಿಗೆ ತನ್ನ ನಿಯಮ ಸರಿ ಎಂದೇ ಅನ್ನಿಸುತ್ತಿರುತ್ತದೆ. ಹಾಗಿರುವಾಗ ‘ಇನ್ನೊಮ್ಮೆ ಯೋಚಿಸು’ ಎಂದರೆ ಇನ್ನೊಮ್ಮೆ ಅದೇ ನಿಯಮ, ಇನ್ನೊಮ್ಮೆ 25.

ಹಾಗಾದರೆ ಉತ್ತರ ಹೇಳಿಬಿಡಬೇಕಾ? ಬೇಡ. ಅವಳನ್ನು ಒಂದೇ ಪ್ರಶ್ನೆ ಕೇಳಿ: “37ಕ್ಕೆ 25 ಕೂಡಿಸಿದರೆ ಎಷ್ಟು?” 62 ಬರುತ್ತದೆ. ಇರಬೇಕಾದದ್ದು 52. ಈಗ ಅವಳ ನಿಯಮಕ್ಕೂ ಅವಳೇ ಮಾಡಿದ ಕೂಡಿಸುವ ಲೆಕ್ಕಕ್ಕೂ ಜಗಳ ಬಿತ್ತು. ಕಂಡುಹಿಡಿಯುವ ಕೆಲಸ ಶುರುವಾಗುವುದು ಅಲ್ಲಿಂದ. ನಿಮ್ಮ ಆ್ಯಪ್ ಕೇಳಬೇಕಾಗಿದ್ದ ಪ್ರಶ್ನೆ ಅದು.

ಇನ್ನು ‘ಹೊಸ ಪದ್ಧತಿ’ ಎನ್ನುವ ಮಾತು. ಮಕ್ಕಳು ಸ್ವತಃ ಕಂಡುಹಿಡಿದು ಕಲಿಯಬೇಕು ಎಂದು ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞರು 1961ರಲ್ಲೇ ಬರೆದಿದ್ದರು. ಹಾಗೆ ಕಲಿತದ್ದು ಮನಸ್ಸಿನಲ್ಲಿ ನಿಲ್ಲುತ್ತದೆ, ಬಹುಮಾನದ ಆಸೆಯಿಲ್ಲದೆ ಕಲಿಯುವ ರುಚಿ ಹತ್ತುತ್ತದೆ ಎಂಬುದು ಅವರ ವಾದ. ಅದೇ ಬ್ರೂನರ್ 1976ರಲ್ಲಿ ಇನ್ನಿಬ್ಬರ ಜೊತೆ ಸೇರಿ ಮತ್ತೊಂದು ಲೇಖನ ಬರೆದರು. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ಪಕ್ಕದಲ್ಲಿದ್ದ ದೊಡ್ಡವರು ಎಲ್ಲಿ ಎಷ್ಟು ಸಹಾಯ ಮಾಡಿದರು ಎಂದು ನೋಡಿದ ಕೆಲಸ ಅದು. ಆ್ಯಪಿನವರು ಮೊದಲ ಲೇಖನ ಮಾತ್ರ ಹಿಡಿದುಕೊಂಡ ಹಾಗಿದೆ. ನಮ್ಮ ಕಡೆ ತೋಡಿನ ಸಂಕ ದಾಟಲು ಮಗುವನ್ನು ಮೊದಲ ಸಲ ಬಿಡುವಾಗ ಕೈ ಹಿಡಿಯುವುದಿಲ್ಲ, ಹಾಗೆಂದು ಮನೆಯೊಳಗೆ ಹೋಗಿ ಕೂರುವುದೂ ಇಲ್ಲ. ಹಿಂದೆಯೇ ನಿಂತಿರುತ್ತೇವೆ. ಒಳ್ಳೆಯ ಪ್ರೋಗ್ರಾಂ ನಿಲ್ಲಬೇಕಾದ ಜಾಗ ಅದು.

ಇಂಗ್ಲಿಷಿನ ಸುಳಿವುಗಳ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ. ಕನ್ನಡದಲ್ಲಿ ಲೆಕ್ಕ ಕಲಿಯುವ ಮಗುವಿಗೆ ಇಂಗ್ಲಿಷಿನಲ್ಲಿ ಸುಳಿವು ಕೊಟ್ಟರೆ ಅವಳು ಹುಡುಕುವುದು ಲೆಕ್ಕವನ್ನಲ್ಲ, ಆ ವಾಕ್ಯದ ಅರ್ಥವನ್ನು. ಸ್ವಲ್ಪ ದಿನ ನೀವೇ ಪಕ್ಕದಲ್ಲಿ ಕೂತು ಓದಿ ಕನ್ನಡದಲ್ಲಿ ಹೇಳಿ. ಆಗ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಎರಡನೇ ಸುಳಿವು ಮೊದಲನೆಯದಕ್ಕಿಂತ ಬೇರೆ ಇದೆಯಾ? ಅವಳು ಬರೆದ ಉತ್ತರಕ್ಕೂ ಸುಳಿವಿಗೂ ಏನಾದರೂ ಸಂಬಂಧ ಇದೆಯಾ? ಇಲ್ಲ ಎಂದಾದರೆ ಮುಂದಿನ ಸಲ ದುಡ್ಡು ಕಟ್ಟಬೇಡಿ.

ಪ್ರಶ್ನೆ: ನಮ್ಮ ಐಟಿ ಲ್ಯಾಬಿನಲ್ಲಿ ಎಂಟನೆಯವರಿಗೆ ಜಿಯೋಜಿಬ್ರಾ (ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಪ್ರೋಗ್ರಾಂ) ತೆರೆದು ಕೊಟ್ಟು, ‘ತ್ರಿಕೋನದ ಮೂಲೆಗಳನ್ನು ಎಳೆದು ನೋಡಿ, ಏನು ಕಾಣುತ್ತದೆ ಬರೆಯಿರಿ’ ಎಂದೆ. ಪೀರಿಯಡ್ ಮುಗಿಯುವಾಗ ಸ್ಕ್ರೀನ್ ತುಂಬ ಬಣ್ಣ, ನೋಟ್‌ಬುಕ್ ಖಾಲಿ. ಮೂರು ಕೋನ ಕೂಡಿಸಿದರೆ 180 ಡಿಗ್ರಿ ಎಂದು ಬೋರ್ಡಿನಲ್ಲಿ ಹತ್ತು ನಿಮಿಷದಲ್ಲಿ ಹೇಳಬಹುದಾದ ಪಾಠ. ಮಕ್ಕಳೇ ಕಂಡುಹಿಡಿಯಲಿ ಎಂದು ಬಿಟ್ಟದ್ದು ದಂಡ ಆಯಿತಾ?
– ಗಣಿತ ಮಾಷ್ಟ್ರು, ಮುಳ್ಳೇರಿಯದ ಹತ್ತಿರದ ಹೈಸ್ಕೂಲು

ಉತ್ತರ: ಮಾಷ್ಟ್ರೇ, ದಂಡ ಆಗಿಲ್ಲ. ಆದರೆ ‘ಏನು ಕಾಣುತ್ತದೆ’ ಎನ್ನುವುದು ಮಕ್ಕಳಿಗೆ ತುಂಬ ದೊಡ್ಡ ಪ್ರಶ್ನೆ. ಅವರಿಗೆ ಬಣ್ಣ ಕಾಣುತ್ತದೆ, ಅದನ್ನೇ ಮಾಡುತ್ತಾರೆ.

ಮೌಸ್ ಮುಟ್ಟುವ ಮೊದಲು ಬರೆಸಿ. “ಮೇಲಿನ ಮೂಲೆಯನ್ನು ಬುಡದ ಗೆರೆಗೆ ತಾಗುವಷ್ಟು ಕೆಳಗೆ ತಂದರೆ ಅಲ್ಲಿಯ ಕೋನ ಎಷ್ಟಾಗಬಹುದು? ಉಳಿದೆರಡು ಎಷ್ಟು?” ಪ್ರತಿಯೊಬ್ಬರೂ ಒಂದು ಸಂಖ್ಯೆ ಬರೆಯಲೇಬೇಕು, ತಪ್ಪಾದರೂ ಪರವಾಗಿಲ್ಲ. ಆಮೇಲೆ ಎಳೆಯಲಿ. ಮೇಲಿನ ಕೋನ 180ರ ಹತ್ತಿರ ಹೋಗುತ್ತದೆ, ಉಳಿದೆರಡು ಸೊನ್ನೆಯ ಹತ್ತಿರ. ಇನ್ನು ಮೂಲೆಯನ್ನು ತುಂಬ ಮೇಲಕ್ಕೆ ಎಳೆದರೆ? ಮೇಲಿನದು ಸೊನ್ನೆಯ ಕಡೆಗೆ, ಬುಡದ ಎರಡೂ ಸೇರಿ 180ರ ಕಡೆಗೆ. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಸೇರುತ್ತಿದೆ ಎಂದು ಯಾರಾದರೂ ಒಬ್ಬಳು ಹೇಳಿಯೇ ಹೇಳುತ್ತಾಳೆ.

ಲ್ಯಾಬಿನಲ್ಲಿ ಎರಡು ತೊಂದರೆ ಬರುತ್ತದೆ, ಮೊದಲೇ ಗೊತ್ತಿರಲಿ. ಮಕ್ಕಳು ಮೂಲೆಯನ್ನು ಬುಡದ ಗೆರೆ ದಾಟಿಸಿ ಕೆಳಗೆ ಎಳೆದರೆ ಜಿಯೋಜಿಬ್ರಾ ಹೊರಗಿನ ದೊಡ್ಡ ಕೋನಗಳನ್ನು ತೋರಿಸಬಹುದು. ಆಗ ಮೂರರ ಮೊತ್ತ 900. ಕೋನದ ಸೆಟ್ಟಿಂಗಿನಲ್ಲಿ 0ಯಿಂದ 180ರ ಒಳಗೆ ಎಂದು ಮಾಡಿಡಿ. ಇನ್ನೊಂದು, ತೋರಿಸುವ ಸಂಖ್ಯೆಗಳನ್ನು ಕೂಡಿಸಿದರೆ ಕೆಲವೊಮ್ಮೆ 179.99 ಅಥವಾ 180.01 ಬರುತ್ತದೆ. ಇದನ್ನು ಮುಚ್ಚಿಡಬೇಡಿ. ಯಾಕೆ ಹೀಗೆ ಎಂದು ಮಕ್ಕಳನ್ನೇ ಕೇಳಿ. ದಶಮಾಂಶವನ್ನು ಎರಡು ಸ್ಥಾನಕ್ಕೆ ನಿಲ್ಲಿಸಿದ್ದರಿಂದ ಎಂದು ಅವರು ಕಂಡುಕೊಂಡರೆ ಅದು ತ್ರಿಕೋನದಷ್ಟೇ ಬೆಲೆಯ ಪಾಠ.

ಬರೇ ಬಿಟ್ಟುಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. ಡೇವಿಡ್ ಕ್ಲಾರ್ ಮತ್ತು ಮಿಲೆನಾ ನಿಗಮ್ 2004ರಲ್ಲಿ ಪ್ರಕಟಿಸಿದ್ದು. ಮೂರನೇ, ನಾಲ್ಕನೇ ಕ್ಲಾಸಿನ 112 ಮಕ್ಕಳು. ಇಳಿಜಾರು ಹಲಗೆಯ ಮೇಲಿಂದ ಚೆಂಡು ಉರುಳಿಸಿ, ಅದು ಎಷ್ಟು ದೂರ ಹೋಗುತ್ತದೆ ಎನ್ನುವುದು ಯಾವುದರ ಮೇಲೆ ನಿಂತಿದೆ ಎಂದು ಹುಡುಕಬೇಕು. ಸರಿಯಾಗಿ ಹುಡುಕಬೇಕಾದರೆ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕು. ಅರ್ಧ ಮಕ್ಕಳಿಗೆ ಇದನ್ನು ವಿವರಿಸಿ ತೋರಿಸಿದರು. ಉಳಿದವರಿಗೆ ಸಾಮಾನು ಮಾತ್ರ ಕೊಟ್ಟರು. ವಿವರಿಸಿದ ಗುಂಪಿನಲ್ಲಿ ಶೇಕಡಾ 77 ಮಕ್ಕಳು ಕಲಿತರು, ಬಿಟ್ಟ ಗುಂಪಿನಲ್ಲಿ ಶೇಕಡಾ 23. ಆದರೆ ಇನ್ನೊಂದು ಸಂಗತಿಯೂ ಅದರಲ್ಲಿ ಉಂಟು. ಸ್ವತಃ ಕಂಡುಹಿಡಿದ ಆ 23ರವರೂ ಹೇಳಿಸಿಕೊಂಡು ಕಲಿತವರೂ ಆಮೇಲೆ ಬೇರೆಯವರ ವಿಜ್ಞಾನದ ಪ್ರಯೋಗಗಳನ್ನು ಪರೀಕ್ಷಿಸುವಾಗ ಒಂದೇ ಮಟ್ಟದಲ್ಲಿದ್ದರು. ಕಂಡುಹಿಡಿದವರಿಗೆ ಹೆಚ್ಚಿನ ಲಾಭ ಇರಲಿಲ್ಲ, ಹೇಳಿಸಿಕೊಂಡವರಿಗೆ ನಷ್ಟವೂ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಹುಡುಕುವ ಕ್ರಮವನ್ನು ನಾವು ಹೇಳಿಕೊಡಬೇಕು, ಹುಡುಕಿದಾಗ ಸಿಗುವುದನ್ನು ಮಕ್ಕಳಿಗೆ ಬಿಡಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವ್ಯಾಲರಿ ಶೂಟ್ ಮತ್ತು ರಾಬರ್ಟ್ ಗ್ಲೇಸರ್ ಮಾಡಿದ ಸ್ಮಿತ್‌ಟೌನ್ ಎಂಬ ಪ್ರೋಗ್ರಾಂ ಹೀಗೆಯೇ ಇತ್ತು. ಅದೊಂದು ಕಲ್ಪನೆಯ ಊರು. ವಿದ್ಯಾರ್ಥಿ ಅಲ್ಲಿಯ ಜನಸಂಖ್ಯೆ, ಜನರ ಆದಾಯ, ಹವಾಮಾನ, ವಸ್ತುವಿನ ಬೆಲೆ ಇವನ್ನೆಲ್ಲ ಬದಲಿಸಿ ಪೇಟೆಯಲ್ಲಿ ಏನಾಗುತ್ತದೆ ಎಂದು ನೋಡಬಹುದು. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದರೆ ಅಡಿಕೆ ಧಾರಣೆ ಎತ್ತ ಹೋಗುತ್ತದೆ ಎಂದು ನಮ್ಮ ಮಕ್ಕಳು ಮನೆಯಲ್ಲಿ ಕೇಳುತ್ತಾ ಬೆಳೆಯುತ್ತಾರಲ್ಲ, ಅಂಥದೇ ಪ್ರಶ್ನೆಗಳು. ಆ ಪ್ರೋಗ್ರಾಂ ಅರ್ಥಶಾಸ್ತ್ರ ಹೇಳಿಕೊಡುತ್ತಿರಲಿಲ್ಲ. ವಿದ್ಯಾರ್ಥಿ ಹುಡುಕುವ ರೀತಿಯನ್ನು ಮಾತ್ರ ಗಮನಿಸುತ್ತಿತ್ತು. ಒಂದೇ ಸಲಕ್ಕೆ ನಾಲ್ಕು ಬದಲಿಸಿದರೆ, ಕಂಡದ್ದನ್ನು ಬರೆದಿಡದಿದ್ದರೆ, ಆಗ ಬಾಯಿ ತೆರೆಯುತ್ತಿತ್ತು. 1990ರಲ್ಲಿ ಅವರು ವರದಿ ಮಾಡಿದ ಹಾಗೆ, ಅದರಲ್ಲಿ ಕಲಿತವರು ತರಗತಿಯಲ್ಲಿ ಕಲಿತವರಷ್ಟೇ ಅರ್ಥಶಾಸ್ತ್ರವನ್ನು ಸುಮಾರು ಅರ್ಧ ಹೊತ್ತಿನಲ್ಲಿ ಕಲಿತರು.

ಮುಂದಿನ ವಾರಕ್ಕೆ ಇದನ್ನು ಮಾಡಿ ನೋಡಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ, ಅಂದರೆ ಸ್ಕ್ರೀನಿನಲ್ಲೇ ಪ್ರಯೋಗ ಮಾಡಿ ನೋಡುವ ಪಾಠಗಳಲ್ಲಿ, ಲೋಲಕದ ಪಾಠ ಒಂದಿದೆ. ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆ ಅದು. ಲೋಲಕದ ಉದ್ದ, ತೂಕ, ಗುರುತ್ವ ಎಲ್ಲ ಬದಲಿಸಬಹುದು. ಮೊದಲು ಉದ್ದ 1 ಮೀಟರ್ ಇಟ್ಟು ಹತ್ತು ಸಲ ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯಲಿ. ಸುಮಾರು 20 ಸೆಕೆಂಡ್ ಬರುತ್ತದೆ. ಉದ್ದವನ್ನು ಕಾಲು ಮೀಟರ್ ಮಾಡಿದರೆ ಎಷ್ಟಾಗಬಹುದು ಎಂದು ಬರೆಸಿ. ಹೆಚ್ಚಿನವರು 5 ಎಂದು ಬರೆಯುತ್ತಾರೆ. ಬರುವುದು 10. ಅಲ್ಲಿಗೆ ಕಂಪ್ಯೂಟರ್ ನಿಲ್ಲಿಸಿ, ಜಂತಿಗೆ ದಾರ ಕಟ್ಟಿ ಕಲ್ಲು ತೂಗಿಸಿ ಅದನ್ನೇ ಅಳೆಯಲು ಹೇಳಿ. ಸ್ಕ್ರೀನಿನಲ್ಲಿ ಕಂಡದ್ದು ನಿಜವಾದ ಕಲ್ಲಿಗೂ ಅನ್ವಯಿಸುತ್ತದೆ ಎಂದು ಮಕ್ಕಳಿಗೆ ಖಾತ್ರಿಯಾಗಬೇಕು. ತೂಕ ಬದಲಿಸುವುದು ಅದಾದ ಮೇಲೆ.

ಪ್ರಶ್ನೆ: ನಾನು ಡಿಗ್ರಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಕನ್ನಡದಲ್ಲಿ ಒಂದು ಸಣ್ಣ ಟ್ಯೂಟರ್ ಪ್ರೋಗ್ರಾಂ ಮಾಡುವ ಆಸೆ. ಮಗುವಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ ಟೀಚರ್? ಯಾವಾಗ ಸುಳಿವು ಕೊಡಬೇಕು, ಯಾವಾಗ ಸುಮ್ಮನಿರಬೇಕು?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಮಗಾ, ನಿನ್ನ ಪತ್ರ ಓದಿ ತುಂಬ ಖುಷಿಯಾಯಿತು. ಕನ್ನಡದಲ್ಲಿ ಎಂದದ್ದಕ್ಕೆ ಇನ್ನೂ ಜಾಸ್ತಿ.

ಕಂಪ್ಯೂಟರಿಗೆ ನಿಜವಾಗಿ ತಿಳಿಯುವುದಿಲ್ಲ, ಅದು ಅಂದಾಜು ಮಾಡುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆ್ಯಂಡರ್ಸನ್ 1995ರಲ್ಲಿ ವಿವರಿಸಿದ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಪ್ರತಿಯೊಂದು ಸಣ್ಣ ಕೌಶಲಕ್ಕೂ ನಾಲ್ಕು ಸಂಖ್ಯೆ: ಮಗುವಿಗೆ ಇದು ಮೊದಲೇ ಗೊತ್ತಿರುವ ಸಾಧ್ಯತೆ, ಒಂದು ಸಲ ಮಾಡಿದಾಗ ಕಲಿಯುವ ಸಾಧ್ಯತೆ, ಗೊತ್ತಿಲ್ಲದೆಯೂ ಊಹಿಸಿ ಸರಿ ಮಾಡುವ ಸಾಧ್ಯತೆ, ಗೊತ್ತಿದ್ದೂ ಕೈತಪ್ಪುವ ಸಾಧ್ಯತೆ. ಪ್ರತಿ ಉತ್ತರದ ಮೇಲೆ ಅಂದಾಜು ಬದಲಾಗುತ್ತದೆ. ಗೊತ್ತಿರುವ ಸಾಧ್ಯತೆ 0.95 ದಾಟಿದರೆ ಮುಂದಿನ ಪಾಠ. ಕೈತಪ್ಪನ್ನು ಲೆಕ್ಕಕ್ಕೆ ಹಿಡಿದದ್ದು ನನಗೆ ಬಹಳ ಇಷ್ಟ. ಒಂದು ತಪ್ಪಿಗೆ ಮಗುವನ್ನು ದಡ್ಡ ಎನ್ನದಿರುವಷ್ಟು ತಾಳ್ಮೆಯನ್ನು ಸೂತ್ರದ ಒಳಗೇ ಇಟ್ಟಿದ್ದಾರೆ.

ಇದು ಹೆಜ್ಜೆ ಹೆಜ್ಜೆಯಾಗಿ ಸರಿ-ತಪ್ಪು ಇರುವ ಲೆಕ್ಕಕ್ಕೆ ಹೊಂದುತ್ತದೆ. ಮಗು ತನ್ನಷ್ಟಕ್ಕೆ ಹುಡುಕುತ್ತಿರುವಾಗ ಕಷ್ಟ. ಅಲ್ಲಿ ತಪ್ಪು ಹೆಜ್ಜೆಯೂ ಹುಡುಕಾಟದ ಭಾಗ ಅಲ್ವಾ? ನಿನ್ನ ಎರಡನೇ ಪ್ರಶ್ನೆಗೆ ಬರ್ಟನ್ ಮತ್ತು ಬ್ರೌನ್ ಅವರದ್ದೇ ಇನ್ನೊಂದು ಕೆಲಸ ನೋಡು. 1970ರ ದಶಕದಲ್ಲಿ, ಮೊದಲೇ ಇದ್ದ ಒಂದು ಕಂಪ್ಯೂಟರ್ ಆಟಕ್ಕೆ ಅವರು ವೆಸ್ಟ್ ಎಂಬ ಕೋಚ್ ಪ್ರೋಗ್ರಾಂ ಮಾಡಿದರು. ಆಟ ಹೀಗೆ: ಮೂರು ಸಂಖ್ಯೆ ಬೀಳುತ್ತವೆ, ಅವನ್ನು ಕೂಡಿಸಿ, ಕಳೆದು, ಗುಣಿಸಿ ಹೇಗಾದರೂ ಒಂದು ಉತ್ತರ ಮಾಡಿ ಅಷ್ಟು ಮನೆ ಮುಂದೆ ಹೋಗಬೇಕು. ಅಡ್ಡದಾರಿ ಉಂಟು, ಎದುರಾಳಿ ಇರುವ ಮನೆಗೆ ಹೋಗಿ ಅವನನ್ನು ಹಿಂದಕ್ಕೆ ಅಟ್ಟುವುದೂ ಉಂಟು. ಇದನ್ನೆಲ್ಲ ನೋಡುತ್ತಾ ಇರುವುದು ಆ ಕೋಚ್. ಅದು ತನ್ನ ಒಳ್ಳೆಯ ನಡೆಯನ್ನೂ ಮಗುವಿನ ನಡೆಯನ್ನೂ ಹೋಲಿಸಿ, ಮಗು ಯಾವ ಕೌಶಲವನ್ನು ಬಳಸುತ್ತಲೇ ಇಲ್ಲ ಎಂದು ಲೆಕ್ಕ ಇಡುತ್ತದೆ. ಆದರೆ ಮಾತಾಡಲು ಅದಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಮಗು ಆಟವನ್ನು ತಾನೇ ಅರ್ಥ ಮಾಡಿಕೊಳ್ಳಲು ಅವಕಾಶ ಸಿಗುವ ಮೊದಲು ಪಾಠ ಹೇಳಬಾರದು. ಏನೇ ಆಗಲಿ, ಸಾಲಾಗಿ ಎರಡು ನಡೆಗೆ ಬಾಯಿ ಹಾಕಬಾರದು. ಟ್ರೈನಿಂಗ್ ಕಾಲೇಜುಗಳಲ್ಲಿ ಗೋಡೆಗೆ ಬರೆದಿಡಬೇಕಾದ ಮಾತುಗಳು ಇವು.

ಸುಳಿವು ಬರೆಯುವಾಗ ಒಂದು ಜಾಗ್ರತೆ. ಸುಳಿವುಗಳ ಸಾಲಿನ ಕೊನೆಯಲ್ಲಿ ಉತ್ತರವೇ ಇದ್ದರೆ ಮಕ್ಕಳು ಮೊದಲನೆಯದನ್ನು ಓದದೆ ಟಕಟಕ ಒತ್ತಿ ಕೊನೆಗೆ ಹೋಗುತ್ತಾರೆ. ಕಾರ್ನೆಗಿ ಮೆಲನ್‌ನವರ ಟ್ಯೂಟರ್‌ಗಳಲ್ಲಿ ಇದು ಎದ್ದು ಕಂಡು, ಅದರ ಬಗ್ಗೆಯೇ ಬೇಕಾದಷ್ಟು ಸಂಶೋಧನೆ ನಡೆದಿದೆ. ಒತ್ತುವ ವೇಗವನ್ನೂ ನಿನ್ನ ಪ್ರೋಗ್ರಾಂ ಗಮನಿಸಲಿ.

ಪ್ರಾಜೆಕ್ಟಿಗೆ ಕಳೆಯುವ ಲೆಕ್ಕವನ್ನೇ ತೆಗೆದುಕೋ. ಮೇಲೆ ಪೆರ್ಲದ ಅಮ್ಮನಿಗೆ ಬರೆದ ಎರಡು ತಪ್ಪು ನಿಯಮಗಳಿಂದ ಶುರುಮಾಡು. ಸೊನ್ನೆ ಬಂದಾಗ ಆಗುವ ತಪ್ಪುಗಳನ್ನು ಆಮೇಲೆ ಸೇರಿಸು, ಅವೇ ಹೆಚ್ಚು. ಸುಳಿವುಗಳನ್ನು ಇಲ್ಲಿಯ ಶಾಲೆಗಳಲ್ಲಿ ಟೀಚರ್‌ಗಳು ಆಡುವ ಮಾತಿನಲ್ಲೇ ಬರೆ. ಒಂದು ಪ್ರೈಮರಿ ಶಾಲೆಗೆ ಹೋಗಿ ಮಕ್ಕಳ ಹಿಂದೆ ಕೂತು ನೋಡು. ಅವರು ಸ್ಕ್ರೀನಿಗೆ ಏನು ಹೇಳುತ್ತಾರೆ ಎನ್ನುವುದನ್ನು ಬರೆದುಕೋ.

ಪ್ರಶ್ನೆ: ಮೊಮ್ಮಗ ಹತ್ತನೇ ಕ್ಲಾಸು. ಈಗ ಎಐ ಬಂದ ಮೇಲೆ ಹೋಂವರ್ಕಿನ ಪ್ರಶ್ನೆ ಫೋಟೋ ಹೊಡೆದು ಕಳಿಸುತ್ತಾನೆ, ಕ್ಷಣದಲ್ಲಿ ಉತ್ತರ ಬರುತ್ತದೆ. ತಾನೇ ಕಂಡುಹಿಡಿಯುವುದಕ್ಕೆ ಇನ್ನು ಅರ್ಥ ಉಂಟಾ?
– ಹಿರಿಯ ಓದುಗರು, ನೀರ್ಚಾಲು

ಉತ್ತರ: ಉಂಟು, ಮೊದಲಿಗಿಂತ ಜಾಸ್ತಿ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಗಣಿತದ ಅಭ್ಯಾಸಕ್ಕೆ ಒಂದು ಗುಂಪಿಗೆ ಕೇಳಿದ್ದನ್ನೆಲ್ಲ ಹೇಳುವ ಎಐ, ಇನ್ನೊಂದಕ್ಕೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಎಐ, ಮೂರನೆಯದಕ್ಕೆ ಪುಸ್ತಕ ಮಾತ್ರ. ಅಭ್ಯಾಸದ ಹೊತ್ತಿನಲ್ಲಿ ಎಐ ಇದ್ದ ಎರಡೂ ಗುಂಪು ಮುಂದೆ. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಎಲ್ಲ ಹೇಳುವ ಎಐ ಬಳಸಿದವರ ಅಂಕ ಪುಸ್ತಕದವರಿಗಿಂತ ಶೇಕಡಾ 17ರಷ್ಟು ಕಡಿಮೆ. ಸುಳಿವಿನ ಎಐ ಬಳಸಿದವರಿಗೆ ಅಂಥ ನಷ್ಟ ಆಗಲಿಲ್ಲ.

ಫೋನ್ ಕಸಿದುಕೊಳ್ಳಬೇಡಿ. “ಉತ್ತರ ಹೇಳಬೇಡ, ನನ್ನ ಹೆಜ್ಜೆಯಲ್ಲಿ ಎಲ್ಲಿ ತಪ್ಪಿದೆ ಎಂದು ಪ್ರಶ್ನೆ ಕೇಳು” ಎಂದು ಕನ್ನಡದಲ್ಲೇ ಬರೆಯಲು ಹೇಳಿ. ಮೊದಲು ತನ್ನ ಹೆಜ್ಜೆಗಳನ್ನು ಹಾಳೆಯಲ್ಲಿ ಬರೆದು ಆಮೇಲೆ ಫೋಟೋ ಹೊಡೆಯಲಿ. ಎಐ ತಪ್ಪು ಹೇಳುವುದೂ ಉಂಟು. ಹಾಗಾಗಿ ಅವನು ಅದರ ಉತ್ತರವನ್ನು ನಿಮ್ಮ ಮುಂದೆ ಬಿಡಿಸಿ ಹೇಳಲಿ. ನಿಮಗೆ ಗಣಿತ ಬಾರದಿದ್ದರೂ ಅವನು ಎಲ್ಲಿ ತಡವರಿಸುತ್ತಾನೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ತಾಳವಾಡಿ ಕಡೆ ನೆಟ್ ಸರಿ ಇಲ್ಲ. ಟ್ಯೂಷನ್ ಮಾಡುವ ಮನೆಯಲ್ಲಿ ಒಂದೇ ಹಳೆ ಕಂಪ್ಯೂಟರ್, ಎಂಟು ಮಕ್ಕಳು. ಇವೆಲ್ಲ ನಮಗೆ ಆಗುವ ಮಾತಾ?
– ಟ್ಯೂಷನ್ ಟೀಚರ್, ತಾಳವಾಡಿ

ಉತ್ತರ: ಆಗುತ್ತದೆ. ಜಿಯೋಜಿಬ್ರಾವನ್ನೂ ಫೆಟ್ ಪಾಠಗಳನ್ನೂ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಫೆಟ್‌ನಲ್ಲಿ ಕನ್ನಡಕ್ಕೆ ತಂದ ಪಾಠಗಳೂ ಇವೆ, ಅವನ್ನೇ ಆರಿಸಿ. ಒಂದೇ ಕಂಪ್ಯೂಟರ್ ಇರುವುದು ತೊಂದರೆ ಎಂದು ಭಾವಿಸಬೇಡಿ. ಒಬ್ಬ ಮೌಸ್ ಹಿಡಿಯಲಿ, ಒಬ್ಬಳು ಪಟ್ಟಿ ಬರೆಯಲಿ, ಉಳಿದವರು ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳಲಿ. ಹೇಳಿದ್ದು ತಪ್ಪಾದವರು ಮುಂದಿನ ಸಲ ಮೌಸ್ ಹಿಡಿಯಲಿ, ಆಗ ತಪ್ಪು ಹೇಳಲು ಯಾರೂ ಹೆದರುವುದಿಲ್ಲ. ನೀವು ಪೇಟೆಗೆ ಹೋಗುವಾಗ ಒಂದು ಪೆನ್‌ಡ್ರೈವ್ ಕೊಂಡುಹೋಗಿ. ಲೋಲಕ, ಭಿನ್ನರಾಶಿ, ವಿದ್ಯುತ್ ಮಂಡಲ ಈ ಮೂರನ್ನು ಮೊದಲು ಹಾಕಿಸಿಕೊಳ್ಳಿ.